ಚಿಹ್ನೆಯ ಕೆಳಗಿನ ಗೆರೆ

ಜನವರಿ 9

ಅಮ್ಮನಿಗೆ,

ಚೆನ್ನಾಗಿದ್ದೇನೆ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೇನೆ, ಹೊರಗೆ ಹೋಗುವಾಗ ಸ್ವೆಟರ್ ಹಾಕಿಕೊಳ್ಳುತ್ತಿದ್ದೇನೆ. ನೀನು ಪ್ರತಿ ಸಲ ಕೇಳುವ ಮೂರು ಪ್ರಶ್ನೆಗೂ ಉತ್ತರ ಆಯಿತು. ಇನ್ನು ನನ್ನ ಪ್ರಶ್ನೆ. ಫೋನಿನಲ್ಲಿ ಕೇಳೋಣ ಅಂದರೆ ಗಣಿತದ ಚಿಹ್ನೆಗಳನ್ನು ಬಾಯಲ್ಲಿ ಹೇಳಿ ಪೂರೈಸುವುದಿಲ್ಲ, ಅದಕ್ಕೇ ಕಾಗದ.

ನನ್ನ ಪ್ರಬಂಧದ ನಾಲ್ಕು ಅಧ್ಯಾಯಗಳೂ ನಿಂತಿರುವುದು ನಮ್ಮ ಮಾರ್ಗದರ್ಶಕರ ಒಂದು ಸಣ್ಣ ಪ್ರಮೇಯದ ಮೇಲೆ. ಎಲ್ಲರೂ ಅದನ್ನು ಉಪಪ್ರಮೇಯ ಅನ್ನುತ್ತಾರೆ. ದೊಡ್ಡ ಪ್ರಮೇಯಗಳಿಗೆ ಅದು ಮೆಟ್ಟಿಲು. ಮಾರ್ಗದರ್ಶಕರು ಅಂದರೆ ನಮ್ಮ ಸ್ಪಷ್ಟ ಸರ್. ಬೋರ್ಡಿನ ಮೇಲೆ ಏನು ಬರೆದರೂ ಕೊನೆಗೆ ಸೀಮೆಸುಣ್ಣ ಕುಟ್ಟಿ "ಸ್ಪಷ್ಟ ಅಲ್ವಾ?" ಅನ್ನುತ್ತಾರೆ, ಅದಕ್ಕೆ ವಿದ್ಯಾರ್ಥಿಗಳು ಇಟ್ಟ ಹೆಸರು. ಉಪಪ್ರಮೇಯ ಹೇಳುವುದು ಇಷ್ಟು: ಒಂದು ಜಾಲ ಇದೆ ಅಂದುಕೋ, ಗಂಟುಗಳು, ಗಂಟಿನಿಂದ ಗಂಟಿಗೆ ದಾರಿಗಳು. ಆ ಜಾಲದಿಂದ ಒಂದು ಸಂಖ್ಯೆ ಲೆಕ್ಕ ಹಾಕುತ್ತೇವೆ. ಅದು ಒಂದಕ್ಕಿಂತ ಕಡಿಮೆ ಇದ್ದರೆ, ಅಥವಾ ಒಂದಕ್ಕೆ ಸಮ ಇದ್ದರೆ, ಜಾಲವನ್ನು ಎಲ್ಲಿ ಅಲುಗಿಸಿದರೂ ಆ ಅಲುಗಾಟ ಕ್ರಮೇಣ ಅಡಗಿಹೋಗುತ್ತದೆ.

ಕಳೆದ ವಾರ ಬೇಜಾರಿಗೆ ಒಂದು ಪುಟ್ಟ ಜಾಲ ಬರೆದೆ. ಏಳೇ ಗಂಟು. ಸಂಖ್ಯೆ ಸರಿಯಾಗಿ ಒಂದಕ್ಕೆ ಸಮ. ಅಲುಗಾಟ ಅಡಗುತ್ತಿಲ್ಲ ಅಮ್ಮ! ಏಳನೇ ಸುತ್ತಿಗೆ ಹೋದ ಹಾಗೇ ವಾಪಸ್ ಬಂದು ಕೂತಿದೆ. ಮೂರು ಸಲ ಲೆಕ್ಕ ಮಾಡಿದೆ. ಎಲ್ಲೋ ನಾನೇ ಎಡವಿದ್ದೇನೆ, ಎಲ್ಲಿ ಅಂತ ಕಾಣುತ್ತಿಲ್ಲ. ನೀನೂ ಒಂದು ಕಾಲದಲ್ಲಿ ಇದೇ ವಿಭಾಗದಲ್ಲಿ ಎರಡು ವರ್ಷ ಇದ್ದವಳು, ಈಗ ದಿನವಿಡೀ ಬಸ್ಸುಗಳ ವೇಳಾಪಟ್ಟಿ ಹೆಣೆಯುವವಳು. ಜಾಲ ನಿನಗೆ ಹೊಸತಲ್ಲ. ಒಂದು ಸಲ ಕಣ್ಣಾಡಿಸು. ಲೆಕ್ಕದ ಹಾಳೆ ಜೊತೆಗಿದೆ.

ನಿನ್ನ
ಚಿನಕುರುಳಿ


ಜನವರಿ 17

ಚಿನಕುರುಳಿಗೆ,

ಸ್ವೆಟರ್ ಹಾಕಿಕೊಳ್ಳುವುದು ಸುಳ್ಳು. ನೀನು ಕಳಿಸಿದ ಫೋಟೋದಲ್ಲಿ ಅದು ಕುರ್ಚಿಯ ಬೆನ್ನಿಗೆ ನೇತುಬಿದ್ದಿತ್ತು.

ನಿನ್ನ ಹಾಳೆ ಆಫೀಸಿಗೆ ಕೊಂಡುಹೋಗಿ ನೋಡಿದೆ. ನನ್ನ ಮೇಜಿನ ಎದುರಿಗೆ ಗೋಡೆ ತುಂಬ ವೇಳಾಪಟ್ಟಿಯ ನಕ್ಷೆ, ಪಕ್ಕದಲ್ಲಿ ಕಿಟಕಿ, ಕಿಟಕಿಯಲ್ಲಿ ಸದಾ ಒಬ್ಬ ಡ್ರೈವರಿನ ಮುಖ. ಇವತ್ತು ಬಂದವನು "ಮೇಡಂ, ನಿಮ್ ಟೈಮಲ್ಲಿ ಗಾಡಿ ಓಡಿಸ್ಬೇಕಂದ್ರೆ ರೆಕ್ಕೆ ಕಟ್ಕೊಡಿ" ಅಂತ ರೇಗಿ ಹೋದ. ಬಿಡುವೇ ಇಲ್ಲ ಅನ್ನುವ ಅವನ ಮಾತಲ್ಲಿ ನಿನ್ನ ಪ್ರಶ್ನೆಗೆ ಉತ್ತರ ಇದೆ, ಅವನಿಗೇ ಗೊತ್ತಿಲ್ಲ. ಬಸ್ಸುಗಳ ನಡುವೆ ಬಿಡುವು ಇಷ್ಟು ಇರಬೇಕು ಅಂತ ನಾವೂ ಒಂದು ಸಂಖ್ಯೆ ಲೆಕ್ಕ ಹಾಕುತ್ತೇವೆ. ಅದು ಒಂದಕ್ಕಿಂತ ಕಡಿಮೆ ಇದ್ದರೆ ಬೆಳಗ್ಗೆ ಆದ ಮೂರು ನಿಮಿಷದ ತಡ ಮಧ್ಯಾಹ್ನದೊಳಗೆ ಕರಗುತ್ತದೆ. ಸಮ ಆದರೂ ಸಾಮಾನ್ಯವಾಗಿ ಕರಗುತ್ತದೆ. ಆದರೆ ಏಳನೇ ನಂಬರಿನ ಸುತ್ತುದಾರಿಯಂಥ ಕೆಲವು ಕಡೆ ಆ ಮೂರು ನಿಮಿಷ ಸಾಯುವುದೇ ಇಲ್ಲ. ಒಂದು ಬಸ್ಸಿನಿಂದ ಇನ್ನೊಂದಕ್ಕೆ ದಾಟಿಕೊಂಡು, ಊರೆಲ್ಲ ಸುತ್ತಿ, ಸಂಜೆ ಮೂರು ನಿಮಿಷವಾಗಿಯೇ ಡಿಪೋಗೆ ಬರುತ್ತದೆ.

ತಪ್ಪು ನಿನ್ನದೇ ಅಂತ ಯಾಕೆ ಅಂದುಕೊಂಡೆ? ಒಂದು ಕೆಲಸ ಮಾಡು. ಅವರ ಆ ಉಪಪ್ರಮೇಯವನ್ನು ಅಚ್ಚಾದ ಲೇಖನದಿಂದ ಹಾಗೇ ನಕಲು ಮಾಡಿ ಕಳಿಸು, ಚಿಹ್ನೆ ಸಮೇತ. ಸಮವಾದಾಗ ಏನು ಅಂತ ಸಾಧನೆಯಲ್ಲಿ ಏನು ಬರೆದಿದ್ದಾರೋ ಅದನ್ನೂ ಅಕ್ಷರಶಃ ಬರಿ. ಅಲ್ಲಿಯವರೆಗೆ ಯಾರಿಗೂ ತೋರಿಸಬೇಡ. ನಿಮ್ಮಪ್ಪ ಇಣುಕಿ ನೋಡಿ, "ತಾಯಿ ಮಗಳಿಗೆ ಬೇರೆ ಹರಟೆ ಇಲ್ವಾ?" ಅಂತ ಕೇಳಿದರು. ಇದಕ್ಕಿಂತ ಒಳ್ಳೆಯ ಹರಟೆ ನನಗೆ ಈ ಜನ್ಮದಲ್ಲಿ ಸಿಗಲಿಕ್ಕಿಲ್ಲ.

ಬೇಗ ಬರಿ. ನನಗೆ ಕಾಯುವ ಅಭ್ಯಾಸ ಇದೆ, ಆದರೂ ಬೇಗ ಬರಿ.

ಅಮ್ಮ


ಫೆಬ್ರವರಿ 2

ಅಮ್ಮಾ,

ನಿನ್ನ ಕಾಗದ ಬರುವ ಹೊತ್ತಿಗೆ ತೋರಿಸಿಬಿಟ್ಟಿದ್ದೆ. ನನ್ನ ಬಾಯಿಗೆ ಬೀಗ ಇಲ್ಲವೆಂದು ನೀನೇ ಹೇಳುತ್ತೀಯಲ್ಲ.

ಸೋಮವಾರದ ವಿಚಾರಗೋಷ್ಠಿ ಮುಗಿದು ಎಲ್ಲರೂ ಇನ್ನೂ ಕೋಣೆಯಲ್ಲೇ ಇದ್ದರು. ನಾನು ಹಾಳೆ ಹಿಡಿದುಕೊಂಡು ಬೋರ್ಡಿನ ಹತ್ತಿರ ಹೋದೆ. ಸರ್ ಅರ್ಧ ನಿಮಿಷವೂ ನೋಡಲಿಲ್ಲ. "ಇದು ಇಪ್ಪತ್ತಾರು ವರ್ಷದಿಂದ ಅಚ್ಚಲ್ಲಿದೆ ಕಣಮ್ಮ. ನೂರಾ ನಲವತ್ತು ಜನ ಬಳಸಿದ್ದಾರೆ. ನಿನ್ನ ಏಳು ಗಂಟು ನೋಡಿ ನಾವೆಲ್ಲ ಗಂಟುಮೂಟೆ ಕಟ್ಬೇಕಾ?" ಅಂದರು. ಹನ್ನೊಂದು ಜನ ನಕ್ಕರು. ನಾನೂ ನಕ್ಕೆ ಅಮ್ಮ, ಅದೇ ನಾಚಿಕೆ. ಆಮೇಲೆ ಜೇಬಿನಿಂದ ಕೆಂಪು ಪೆನ್ನು ತೆಗೆದು ಹಾಳೆಯ ಮೇಲೆ ಅಡ್ಡಡ್ಡ "ಮಕ್ಕಳಾಟ" ಅಂತ ಬರೆದು ಕೈಗೆ ಕೊಟ್ಟರು. ಶೌಚಾಲಯದಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ನೀನು ಕೇಳಿದ್ದು: ಉಪಪ್ರಮೇಯದಲ್ಲಿ ಇರುವುದು "ಕಡಿಮೆ ಅಥವಾ ಸಮ" ಚಿಹ್ನೆಯೇ, ಅಂದರೆ "ಕಡಿಮೆ" ಚಿಹ್ನೆಯ ಕೆಳಗೆ ಒಂದು ಗೆರೆ. ಸಾಧನೆ ಎರಡೂವರೆ ಪುಟ. ಎರಡೂವರೆ ಪುಟವೂ ಕಡಿಮೆ ಇದ್ದಾಗಿನ ಮಾತೇ, ಅದೂ ಎಷ್ಟು ಚೆಂದದ ಸಾಧನೆ ಅಂತೀಯ! ಸಮದ ಬಗ್ಗೆ ಕೊನೆಯಲ್ಲಿ ಒಂದೇ ಸಾಲು. "ಸಮವಾದಾಗ: ಸ್ಪಷ್ಟ." ಇಷ್ಟೇ.

ಸರ್ ಈ ವರ್ಷ ನಿವೃತ್ತರಾಗುತ್ತಾರೆ. ಅವರ ಗೌರವಕ್ಕೆ ಅಕ್ಟೋಬರಿನಲ್ಲಿ ಮೂರು ದಿನದ ಸಮ್ಮೇಳನ, ನಾನಾ ಕಡೆಯಿಂದ ಜನ ಬರುತ್ತಾರೆ. ವಿದ್ಯಾರ್ಥಿಗಳಿಗೆ ಹದಿನೈದು ಹದಿನೈದು ನಿಮಿಷ, ನನಗೂ ಒಂದು ಇದೆ. ನವೆಂಬರಿನಲ್ಲಿ ಪ್ರಬಂಧ ಒಪ್ಪಿಸಬೇಕು. ಈ ಏಳು ಗಂಟನ್ನು ಮರೆತುಬಿಡಲೇ?

ಚಿನಕುರುಳಿ


ಫೆಬ್ರವರಿ 10

ಮಗಳೇ,

ಕೂತುಕೊಂಡು ಓದು.

ಆ ಉಪಪ್ರಮೇಯ ನನ್ನದು.

ಇಪ್ಪತ್ತೇಳು ವರ್ಷದ ಹಿಂದೆ ಆ ಮಹಾನುಭಾವನ ಮೊದಲ ವಿದ್ಯಾರ್ಥಿನಿ ನಾನು, ನಿನಗೆ ಯಾವತ್ತೂ ಹೇಳಿರಲಿಲ್ಲ. ಎರಡೂವರೆ ಪುಟದ ಸಾಧನೆಗೆ ಹದಿನಾಲ್ಕು ತಿಂಗಳು ಹಿಡಿದಿತ್ತು. ಬರೆದು ನೋಟ್‌ಬುಕ್ಕನ್ನೇ ಅವನ ಕೈಗಿಟ್ಟೆ, ನೋಡಿ ಹೇಳಿ ಸರ್ ಅಂತ. ನಾಲ್ಕು ತಿಂಗಳು ಇಟ್ಟುಕೊಂಡ. ಕೊನೆಗೆ ಕರೆದು, "ಇದರಲ್ಲಿ ಹೊಸದೇನೂ ಇಲ್ಲಮ್ಮ, ನಿನಗೆ ಸಂಶೋಧನೆ ಹೇಳಿದ್ದಲ್ಲ, ಬೇರೆ ಏನಾದ್ರೂ ನೋಡ್ಕೋ" ಅಂದ. ಕೊನೆಯ ಪುಟದ ಮೇಲೆ ಕೆಂಪು ಶಾಯಿಯಲ್ಲಿ ಬರೆದಿತ್ತು. ಏನಂತ ನಿನಗೆ ಹೇಳಬೇಕಾಗಿಲ್ಲ, ನಿನ್ನ ಹಾಳೆಯ ಮೇಲೂ ಅದೇ ಇದೆ. ಇಪ್ಪತ್ತೇಳು ವರ್ಷದಲ್ಲಿ ಆ ಮನುಷ್ಯನಿಗೆ ಒಂದು ಹೊಸ ಬೈಗುಳವೂ ಹೊಳೆದಿಲ್ಲ ನೋಡು. ಅವನ ಸಹಿಯಿಲ್ಲದೆ ನಾನು ಮುಂದುವರಿಯುವ ಹಾಗಿರಲಿಲ್ಲ. ಬಿಟ್ಟೆ. ಬಸ್ಸಿನ ಆಫೀಸು ಸೇರಿದೆ.

ಮರುವರ್ಷ ನೀನು ಹೊಟ್ಟೆಯಲ್ಲಿದ್ದೆ. ಏನೋ ಆಸೆಗೆ ಗ್ರಂಥಾಲಯಕ್ಕೆ ಹೋಗಿ ಹೊಸ ಸಂಚಿಕೆ ತೆರೆದೆ. ನನ್ನ ಎರಡೂವರೆ ಪುಟ, ನಾನು ಆರಿಸಿದ ಅಕ್ಷರಗಳೇ ಚಿಹ್ನೆಗಳಾಗಿ, ಮೇಲೆ ಅವನ ಹೆಸರು. ಅಲ್ಲೇ ಕೂತು ಅತ್ತೆ. ಅತ್ತು ಮುಗಿಸಿ ಎರಡನೇ ಸಲ ಓದಿದಾಗ ಆ ಗೆರೆ ಕಂಡಿತು.

ನಾನು ಬರೆದಿದ್ದು "ಒಂದಕ್ಕಿಂತ ಕಡಿಮೆ", ಅಷ್ಟೇ. ಸಮದ ಮಾತೇ ನನ್ನಲ್ಲಿ ಇರಲಿಲ್ಲ. ಆದರೆ ನನ್ನದು ಗೆರೆ ಹಾಕಿದ ನೋಟ್‌ಬುಕ್. ನನ್ನ ಅಕ್ಷರ ನಿನಗೆ ಗೊತ್ತಲ್ಲ, ಗೆರೆಯ ಮೇಲೆ ಕೂತೇ ಇರುತ್ತದೆ. ನೋಟ್‌ಬುಕ್ ವಾಪಸ್ ಕೊಡುವ ಮೊದಲು ಅವನು ಜೆರಾಕ್ಸ್ ಮಾಡಿಸಿಕೊಂಡಿದ್ದ. ತೆಳು ನೀಲಿ ಗೆರೆ ಜೆರಾಕ್ಸಿನಲ್ಲಿ ಪೂರ್ತಿ ಬರುವುದಿಲ್ಲ, ಅಲ್ಲೊಂದು ತುಣುಕು ಇಲ್ಲೊಂದು ತುಣುಕು ಕಪ್ಪಗೆ ಉಳಿಯುತ್ತದೆ. ಒಂದು ತುಣುಕು ನನ್ನ ಚಿಹ್ನೆಯ ಕೆಳಗೆ ಉಳಿಯಿತು. ನೋಟ್‌ಬುಕ್ಕಿನ ಗೆರೆಯನ್ನು ಅವನು ಗಣಿತ ಅಂದುಕೊಂಡ! ಸಮವೂ ಸೇರಿದೆ ಅಂದುಕೊಂಡು ಸಾಧನೆಯಲ್ಲಿ ಹುಡುಕಿರಬೇಕು, ಸಿಗಲಿಲ್ಲ. ಅರ್ಥವಾಗದವನು ಏನು ಮಾಡುತ್ತಾನೆ? "ಸ್ಪಷ್ಟ" ಅಂತ ಒಂದು ಸಾಲು ತಾನೇ ಸೇರಿಸಿದ. ಕದ್ದ ಎರಡೂವರೆ ಪುಟದಲ್ಲಿ ಅವನ ಸ್ವಂತದ್ದು ಅದೊಂದೇ ಸಾಲು.

ಆವತ್ತು ಗ್ರಂಥಾಲಯದಲ್ಲಿ ನಕ್ಕೆ. ಪಕ್ಕದವರು ತಿರುಗಿ ನೋಡುವಷ್ಟು ನಕ್ಕೆ. ಹೇಳುವುದಾದರೂ ಯಾರಿಗೆ? ವಿಭಾಗದ ಮುಖ್ಯಸ್ಥನೂ ಅವನೇ. ಆವತ್ತೇ ಹೇಳಿದ್ದರೆ ಒಂದು ಪುಟ್ಟ ತಿದ್ದುಪಡಿ ಹಾಕಿ ಕೈತೊಳೆದುಕೊಳ್ಳುತ್ತಿದ್ದ. ಕಟ್ಟಲಿ ಅಂದುಕೊಂಡೆ. ಅದರ ಮೇಲೆ ಒಂದು ಮಹಡಿ, ಎರಡು ಮಹಡಿ, ಹತ್ತು ಮಹಡಿ ಕಟ್ಟಲಿ. ಕೆಳಗಿನ ಇಟ್ಟಿಗೆ ನನ್ನ ಕೈಯಲ್ಲಿದೆ. ತಾಳಿದವನು ಬಾಳಿಯಾನು ಅನ್ನುತ್ತಾರಲ್ಲ, ನಾನು ತಾಳಿದೆ.

ಈಗ ಹತ್ತನೇ ಮಹಡಿ ಆಗಿದೆ, ಅಕ್ಟೋಬರಿನಲ್ಲಿ ಮೇಲೆ ನಿಂತು ಚಪ್ಪಾಳೆ ತಟ್ಟಿಸಿಕೊಳ್ಳುತ್ತಾನೆ. ನಿನಗೆ ಹದಿನೈದು ನಿಮಿಷ ಇದೆ. ಏಳು ಗಂಟಿನ ಜಾಲ ಬೋರ್ಡಿನ ಮೇಲೆ ಬರೆದು ಒಂದೇ ಮಾತು ಕೇಳು: "ಸರ್, ಸಮ ಆದಾಗ ಏನಾಗುತ್ತೆ?" ಆಮೇಲೆ ನನ್ನ ನೋಟ್‌ಬುಕ್ ತೋರಿಸು. ಆ ಮುಖ ನೋಡಲಿಕ್ಕೆ ನಾನು ಹಿಂದಿನ ಸಾಲಿನಲ್ಲಿ ಕೂತಿರುತ್ತೇನೆ.

ಅಮ್ಮ


ಫೆಬ್ರವರಿ 24

ಅಮ್ಮನಿಗೆ,

ಎರಡು ವಾರ ಉತ್ತರ ಬರೆಯಲಿಲ್ಲ, ಬರೆದಿದ್ದರೆ ಕೆಟ್ಟ ಮಾತು ಬರೆಯುತ್ತಿದ್ದೆ. ಈಗಲೂ ಬರೆಯುತ್ತೇನೆ.

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರ ಬಗ್ಗೆ ಕೇಳಿದ್ದೇನೆ. ನೀನು ಸ್ವಂತ ಮಗಳನ್ನೇ ತಳ್ಳಿದೆ.

ನಾಲ್ಕು ವರ್ಷದ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ ನಿಂತು ಇಂಥವರ ಹತ್ತಿರ ಸಂಶೋಧನೆಗೆ ಸೇರುತ್ತೇನೆ ಅಂತ ಅವರ ಹೆಸರು ಹೇಳಿದೆ. ನೀನು ಏನಂದೆ ನೆನಪಿದೆಯಾ? "ಒಳ್ಳೇದಾಯ್ತು, ಹೋಗು." ಆ ಹೆಸರು ಯಾರದು ಅಂತ ನಿನಗೆ ಗೊತ್ತಿತ್ತು. ಅವರ ಉಪಪ್ರಮೇಯ ಸುಳ್ಳು ಅಂತ ಗೊತ್ತಿತ್ತು. ವರ್ಷಾ ವರ್ಷ ನಾನು ಖುಷಿಯಾಗಿ ಫೋನ್ ಮಾಡಿ "ಎರಡನೇ ಅಧ್ಯಾಯ ಆಯ್ತಮ್ಮ, ಮೂರನೇದೂ ಆಯ್ತಮ್ಮ" ಅಂದಾಗ ಏನು ಮಾಡುತ್ತಿದ್ದೆ? ಬಸ್ಸಿನ ನಕ್ಷೆಗೆ ಪಿನ್ನು ಚುಚ್ಚುತ್ತಿದ್ದೆಯಾ?

ಅವರು ಕಟ್ಟಿದ ಹತ್ತು ಮಹಡಿ ಅಂದೆಯಲ್ಲ, ಹತ್ತನೇ ಮಹಡಿಯಲ್ಲಿ ಇರುವವಳು ನಾನು. ಎಲ್ಲವನ್ನೂ ಕೂತು ನೋಡಿದೆ. ಮೊದಲ ಎರಡು ಅಧ್ಯಾಯ ಉಳಿಯುತ್ತವೆ. ಮೂರು, ನಾಲ್ಕು ಸಮದ ಮೇಲೇ ನಿಂತಿವೆ, ಎರಡೂ ಕಸ. ನವೆಂಬರಿನಲ್ಲಿ ಒಪ್ಪಿಸಲಿಕ್ಕೆ ನನ್ನ ಹತ್ತಿರ ಏನೂ ಇಲ್ಲ.

ಒಂದೇ ಪ್ರಶ್ನೆ. ಬೇಕಂತಲೇ ಕಳಿಸಿದೆಯಾ?

ನಿನ್ನ ಮಗಳು


ಮಾರ್ಚ್ 6

ಮಗಳೇ,

ಹೌದು.

ಆ ಹೆಸರು ನಿನ್ನ ಬಾಯಲ್ಲಿ ಬಂದಾಗ ನಾನು ಬೆನ್ನು ತಿರುಗಿಸಿ ನಿಂತಿದ್ದೆ, ಅದಕ್ಕೇ ನಿನಗೆ ನನ್ನ ಮುಖ ಕಾಣಲಿಲ್ಲ. ಬೇಡ ಅನ್ನಲು ಬಾಯಿ ತೆರೆದೆ. ಆಮೇಲೆ ಅನ್ನಿಸಿತು, ಇವಳು ನನ್ನ ಮಗಳು, ಮೊದಲ ವರ್ಷದಲ್ಲೇ ಆ ಗೆರೆಯ ಮೇಲೆ ಬೆರಳಿಡುತ್ತಾಳೆ. ನನ್ನ ಮಗಳ ಕೈಯಿಂದಲೇ ಅವನಿಗೆ ಬೀಳಲಿ. ಮೊದಲ ವರ್ಷ ನೀನು ಕಾಣಲಿಲ್ಲ. ಎರಡನೇ ವರ್ಷವೂ ಇಲ್ಲ. ಅಷ್ಟರಲ್ಲಿ ಹೇಳುವ ಹೊತ್ತು ಮೀರಿತ್ತು. ಹೇಳಿದರೆ ನಾನು ಸುಮ್ಮನಿದ್ದದ್ದನ್ನೂ ಹೇಳಬೇಕಾಗುತ್ತಿತ್ತು. ನಿನ್ನ ಫೋನ್ ಬಂದಾಗಲೆಲ್ಲ ಬಿಸಿ ತುಪ್ಪ, ನುಂಗಲೂ ಆಗುವುದಿಲ್ಲ ಉಗುಳಲೂ ಆಗುವುದಿಲ್ಲ.

ನಿನಗೆ ನೋವು ಮಾಡಿದೆ, ಒಪ್ಪುತ್ತೇನೆ. ಆದರೆ ಅವನ ವಿಷಯಕ್ಕೆ ನನ್ನಿಂದ ಮೆತ್ತಗಿನ ಮಾತು ನಿರೀಕ್ಷಿಸಬೇಡ. ನನ್ನ ಹದಿನಾಲ್ಕು ತಿಂಗಳು ತಿಂದು ಇಪ್ಪತ್ತಾರು ವರ್ಷ ತೇಗಿದ್ದಾನೆ. ನಿನಗೆ ಒಂದು ವರ್ಷ ತಡವಾಗುತ್ತದೆ, ಆಗಲಿ. ನನಗೆ ಆಗಿದ್ದು ತಡ ಅಲ್ಲ.

ನೋಟ್‌ಬುಕ್ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ಕೊನೆಯ ಪುಟ ಹರಿಯದಂತೆ ನೋಡಿಕೋ, ಕೆಂಪು ಶಾಯಿ ಅದರಲ್ಲಿದೆ.

ಅಮ್ಮ


ಏಪ್ರಿಲ್ 18

ಚಿನಕುರುಳಿಗೆ,

ನೋಟ್‌ಬುಕ್ ತಲುಪಿತೇ? ಅಂಚೆಯವರು ತಲುಪಿದೆ ಅನ್ನುತ್ತಾರೆ. ಫೋನ್ ಎತ್ತುತ್ತಿಲ್ಲ. ನಿಮ್ಮಪ್ಪ "ಒಂದು ಗೆರೆಗೆ ಇಷ್ಟು ರಂಪಾನಾ ನಿಮ್ಮಿಬ್ಬರದು?" ಅಂತ ಕೇಳುತ್ತಾರೆ. ಎಲ್ಲಾ ಹೇಳಿದ್ದೇನೆ ಅವರಿಗೆ. ಕೇಳಿ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ, ಆಮೇಲೆ ಕೇಳಿದ್ದು ಇದೊಂದೇ.

ಅಮ್ಮ


ಮೇ 29

ಮಗಳೇ,

ಒಂದು ಸಾಲು ಬರಿ. ಬೈದೇ ಬರಿ. ಬೈಗುಳ ಓದುವುದಕ್ಕೂ ತಯಾರಾಗಿದ್ದೇನೆ.

ಅಕ್ಟೋಬರಿನ ಕಾರ್ಯಕ್ರಮ ಪಟ್ಟಿ ವಿಭಾಗದ ಜಾಲತಾಣದಲ್ಲಿ ನೋಡಿದೆ. ಎರಡನೇ ದಿನ, ಹನ್ನೊಂದೂವರೆಗೆ ನಿನ್ನ ಹೆಸರಿದೆ. ಮಾರ್ಗದರ್ಶಕರ ಜಾಗ ಖಾಲಿ ಇದೆ. ಏನಾಯಿತು?

ಅಮ್ಮ


ಜುಲೈ 12

ಅಮ್ಮನಿಗೆ,

ಅವರನ್ನು ಬಿಟ್ಟೆ. ಏಪ್ರಿಲಿನಲ್ಲಿ ಅವರ ಕೋಣೆಗೆ ಹೋಗಿ ಮೂರು, ನಾಲ್ಕನೇ ಅಧ್ಯಾಯ ಮೇಜಿನ ಮೇಲಿಟ್ಟು, ಇವೆರಡೂ ತಪ್ಪು ಸರ್, ಯಾಕೆ ಅಂತ ನಿಮಗೇ ಗೊತ್ತು ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಅವರ ಮುಖ. ಎದ್ದು ಬಾಗಿಲು ಹಾಕಿದರು. "ಒಂದು ಸಣ್ಣ ತಿದ್ದುಪಡಿ ಹಾಕೋಣ, ಇಬ್ಬರ ಹೆಸರಲ್ಲಿ. ನಿನ್ನ ಪ್ರಬಂಧ ನವೆಂಬರಿಗೇ ಪಾಸು ಮಾಡಿಸ್ತೀನಿ. ಈಗಲೇ ಎಲ್ಲರ ಮುಂದೆ ಯಾಕೆ?" ಅಂದರು. ಏಳು ಗಂಟು ಈಗ ಮಕ್ಕಳಾಟ ಅಲ್ಲವೇ ಸರ್ ಅಂತ ಕೇಳಿ ಹೊರಗೆ ಬಂದೆ. ಪಾಸು ಬೇಡ ಅಂದವಳು ನಾನೇ, ಅದರಲ್ಲಿ ನಿನ್ನ ಪಾಲಿಲ್ಲ. ಈಗ ಬೇರೆ ಮಾರ್ಗದರ್ಶಕರು. ಇನ್ನು ಒಂದೂವರೆ ವರ್ಷ.

ಆದರೆ ಈ ಕಾಗದ ಬರೆಯುತ್ತಿರುವುದು ಅದಕ್ಕಲ್ಲ.

ಮೇ ತಿಂಗಳು ಪೂರ್ತಿ ಗ್ರಂಥಾಲಯದಲ್ಲಿ ಕೂತು ಹಳೆಯ ಸಂಪುಟ ಹುಡುಕುತ್ತಿದ್ದೆ. ಅಲ್ಲಿ ಕೌಂಟರಿನಲ್ಲಿ ಪುಸ್ತಕಕ್ಕೆ ಮುದ್ರೆ ಹಾಕಿಕೊಡುವವರನ್ನು ಎಲ್ಲರೂ ಉದ್ದಣ್ಣ ಅನ್ನುತ್ತಾರೆ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಮುದ್ರೆ ಹಾಕಿಸಿಕೊಳ್ಳುವಾಗ ನನ್ನ ಹಾಳೆ ಜಾರಿ ಕೌಂಟರಿನ ಮೇಲೆ ಬಿತ್ತು. ಅವರು ಎತ್ತಿ ಕೊಡಲಿಲ್ಲ, ನೋಡುತ್ತಾ ನಿಂತರು. "ಏಳು ಗಂಟಲ್ಲೇ ಆಗುತ್ತಾ? ನನಗೆ ಒಂಬತ್ತು ಬೇಕಾಗಿತ್ತು" ಅಂದರು.

ಅಮ್ಮ, ಉದ್ದಣ್ಣ ಆರು ವರ್ಷ ಸರ್ ಹತ್ತಿರ ಸಂಶೋಧನೆ ಮಾಡಿದವರು. ಅವರಿಗೆ ಕೊಟ್ಟಿದ್ದ ಸಮಸ್ಯೆ ಸಮದ ಮೇಲೆ ನಿಂತಿತ್ತು. ಸಾಧಿಸಲು ಹೋದಾಗಲೆಲ್ಲ ಉತ್ತರ ಉಲ್ಟಾ ಬರುತ್ತಿತ್ತು. ಅಚ್ಚಾದ ಪ್ರಮೇಯ ತಪ್ಪಿರುತ್ತದೆಯೇ, ನನ್ನ ತಲೆಯೇ ಕೆಟ್ಟಿದೆ ಅಂದುಕೊಂಡರು. ಆರನೇ ವರ್ಷ ನಿದ್ದೆ ಹೋಯಿತು, ಆಸ್ಪತ್ರೆ ಸೇರಿದರು. ಆಮೇಲೆ ಗಣಿತ ಮುಟ್ಟಲಿಲ್ಲ. ಹನ್ನೊಂದು ವರ್ಷದಿಂದ ಮುದ್ರೆ ಹಾಕುತ್ತಿದ್ದಾರೆ. ಕೌಂಟರಿನ ಕೆಳಗಿನ ಖಾನೆಯಿಂದ ಹಳೇ ನೋಟ್‌ಬುಕ್ ತೆಗೆದು ತೋರಿಸಿದರು. ಒಂಬತ್ತು ಗಂಟಿನ ಜಾಲ, ಒಂದು ತಪ್ಪೂ ಇಲ್ಲ. ಕೆಳಗೆ ಅವರದೇ ಕೈಯಲ್ಲಿ, "ಎಲ್ಲಿ ಎಡವಿದ್ದೇನೆ?"

ತಪ್ಪು ಉಪಪ್ರಮೇಯದಲ್ಲೇ ಇದೆ ಅಂತ ಹೇಳಿದೆ. ಮುದ್ರೆಯನ್ನು ಕೆಳಗಿಟ್ಟು ನೋಟ್‌ಬುಕ್ ಮುಚ್ಚಿದರು. ಆಮೇಲೆ "ಇದು ಯಾರಿಗಾದ್ರೂ ಗೊತ್ತಿತ್ತಾ?" ಅಂತ ಕೇಳಿದರು.

ಗೊತ್ತಿಲ್ಲ ಅಂದೆ. ನಿನಗೋಸ್ಕರ ಹೇಳಿದ ಸುಳ್ಳು ಅದು. ಅದೇ ಕೊನೆ.

ಸಮವಾದಾಗ ಯಾವ ಜಾಲದಲ್ಲಿ ಅಲುಗಾಟ ಅಡಗುತ್ತದೆ, ಯಾವುದರಲ್ಲಿ ಅಡಗುವುದಿಲ್ಲ ಅಂತ ಈಗ ಸಾಧಿಸಿದ್ದೇನೆ. ಅರ್ಧ ನನ್ನದು, ಅರ್ಧ ಉದ್ದಣ್ಣನದು. ಅಕ್ಟೋಬರಿನಲ್ಲಿ ಮಾತಾಡುತ್ತೇನೆ. ನಿನ್ನ ನೋಟ್‌ಬುಕ್ ತೋರಿಸುತ್ತೇನೆ. ಹಿಂದಿನ ಸಾಲು ಬೇಡ, ಎರಡನೇ ಸಾಲಿನಲ್ಲಿ ನಿನಗೆ ಕುರ್ಚಿ ಹೇಳಿದ್ದೇನೆ. ಬಾ.

ಮಗಳು


ಜುಲೈ 19

ನನ್ನ ಚಿನಕುರುಳಿಗೆ,

ಬರುತ್ತೇನೆ! ರಜೆ ಬರೆದು ಕೊಟ್ಟಾಯಿತು. ಆಫೀಸಿನಲ್ಲಿ ಯಾಕೆ ಮೇಡಂ ಅಂತ ಕೇಳಿದರೆ, ಒಬ್ಬರ ನಿವೃತ್ತಿಗೆ ಹೋಗಬೇಕು, ಬಹಳ ಬೇಕಾದವರು ಅಂದೆ. ಎರಡನೇ ಸಾಲು ಅಂದರೆ ಅವನು ಮುಂದಿನ ಸಾಲಿನಲ್ಲಿ, ಅವನ ಕತ್ತಿನ ಹಿಂಭಾಗ ಸರಿಯಾಗಿ ಕಾಣುತ್ತದೆ. ಕತ್ತು ಕೆಂಪಾಗುವುದನ್ನು ನೋಡಬೇಕು. ಇಪ್ಪತ್ತಾರು ವರ್ಷದಲ್ಲಿ ಅವನಿಗೆ ಹೇಳಲು ಎಷ್ಟು ಮಾತು ಜೋಡಿಸಿಟ್ಟಿದ್ದೇನೆ ಗೊತ್ತೇ? ಬಸ್ಸಿನಲ್ಲಿ ಕೂತಾಗ, ಬಟ್ಟೆ ಮಡಿಸುವಾಗ, ಒಂದೊಂದೇ ಮಾತು ಸಾಣೆ ಹಿಡಿದು ಇಟ್ಟಿದ್ದೇನೆ.

ಆ ಉದ್ದಣ್ಣನ ವಿಷಯ ಓದಿ ಪಾಪ ಅನ್ನಿಸಿತು. ಅದೂ ನಿಮ್ಮ ಸ್ಪಷ್ಟ ಸರ್ ಲೆಕ್ಕಕ್ಕೇ ಸೇರಲಿ.

ಅಮ್ಮ


ಅಕ್ಟೋಬರ್ 19

ಮಗಳೇ,

ನೀನು ಆವತ್ತು ನನ್ನ ಜೊತೆ ಮಾತಾಡದೆ ಹೊರಟುಹೋದೆ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ವೇದಿಕೆಯಿಂದ ನನ್ನ ಮುಖ ನೋಡಿದೆಯೋ ಇಲ್ಲವೋ. ಏಳು ಗಂಟಿನ ಜಾಲ ಬರೆದು "ಸಮ ಆದಾಗ ಏನಾಗುತ್ತೆ?" ಅಂದೆ. ಪರದೆಯ ಮೇಲೆ ನನ್ನ ಪುಟ ಬಂತು, ಪಕ್ಕದಲ್ಲಿ ಅವನ ಅಚ್ಚು, ಆ ಗೆರೆ. "ಈ ಉಪಪ್ರಮೇಯ ಎರಡನೇ ಸಾಲಿನಲ್ಲಿ ಕೂತಿರುವ ನನ್ನ ತಾಯಿಯದು" ಅಂದೆ. ಕೆಂಪು ಶಾಯಿ ದೊಡ್ಡದಾಗಿ ಪರದೆ ತುಂಬಿದಾಗ ಯಾರೋ ಛೇ ಅಂದರು. ಅವನ ಕತ್ತು ಕೆಂಪಾಗಲಿಲ್ಲ, ಬೆಳ್ಳಗಾಯಿತು. ನನ್ನ ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ, ಇಷ್ಟು ಸಂತೋಷ ನೀನು ಹುಟ್ಟಿದಾಗಲೂ ಆಗಿರಲಿಲ್ಲ.

ಮುಗಿಯಿತು ಅಂದುಕೊಂಡು ಕೈಚೀಲ ಎತ್ತಿಕೊಂಡೆ. ನೀನು ಮುಗಿಸಿರಲಿಲ್ಲ.

"ತಪ್ಪು ಅಚ್ಚಾದ ದಿನವೇ ನನ್ನ ತಾಯಿಗೆ ಅದು ಗೊತ್ತಿತ್ತು. ಇಪ್ಪತ್ತಾರು ವರ್ಷ ಯಾರಿಗೂ ಹೇಳಲಿಲ್ಲ. ಆ ವರ್ಷಗಳಲ್ಲಿ ಇದರ ಮೇಲೆ ಕೆಲಸ ಮಾಡಿದವರು ಇವರು." ನೂರಾ ನಲವತ್ತು ಹೆಸರು ಪರದೆಯ ಮೇಲೆ. ಕೊನೆಗೆ ನಿನ್ನದು. ಅದರ ಮೇಲೆ ಅವರದು, ಹಿಂದೆ ಗೋಡೆಗೆ ಒರಗಿ ನಿಂತಿದ್ದರಲ್ಲ, ಆ ಎತ್ತರದವರದು. ಅಷ್ಟೂ ತಲೆ ನನ್ನ ಕಡೆ ತಿರುಗಿದವು. ಅವನೂ ತಿರುಗಿದ. ಅವರೊಬ್ಬರು ಮಾತ್ರ ನನ್ನನ್ನು ನೋಡಲಿಲ್ಲ, ಪರದೆಯನ್ನೇ ನೋಡುತ್ತಿದ್ದರು.

ನನಗೆ ಎಷ್ಟು ಸಿಟ್ಟು ಬಂತು ಅಂದರೆ, ಎದ್ದು ಬಂದು ಎಲ್ಲರೆದುರು ನಿನ್ನ ಕೆನ್ನೆಗೆ ಬಾರಿಸೋಣ ಅನ್ನಿಸಿತು. ಹೆತ್ತ ತಾಯಿಯನ್ನು ಕರೆಸಿ ಕೂರಿಸಿ ಹೀಗೆ ಮಾಡುತ್ತಾರೆಯೇ? ಎತ್ತಿಕೊಂಡಿದ್ದ ಕೈಚೀಲ ಮತ್ತೆ ಮಡಿಲಿಗೆ ಇಟ್ಟುಕೊಂಡೆ.

ಚಹಾಕ್ಕೆ ಬಿಟ್ಟರು. ಜನ ಗುಂಪು ಗುಂಪಾಗಿ ನಿಂತರು. ನಾನು ಹೋದ ಕಡೆ ಗುಂಪು ಸ್ವಲ್ಪ ಸರಿದು ದಾರಿ ಬಿಡುತ್ತಿತ್ತು. ಕಿಟಕಿಯ ಹತ್ತಿರ ಒಂದು ಬೆಂಚು, ಅದರ ಮೇಲೆ ಅವನೊಬ್ಬನೇ. ಮಂಡಿ ನೋಯುತ್ತಿತ್ತು. ಬೇರೆ ಜಾಗ ಇರಲಿಲ್ಲ, ಕೂತೆ. ಅವನೇ, "ನಿನಗೆ ಗೊತ್ತಿತ್ತಾ?" ಅಂದ.

"ಗೊತ್ತಿತ್ತು."

"ಅಚ್ಚಾದ ದಿನದಿಂದ?"

"ಹೂಂ."

"ನನಗೆ ಬೈದು ಹೇಳ್ಬೇಕಿತ್ತು. ಆ ಹುಡುಗರಿಗಾದ್ರೂ ಒಂದು ಮಾತು ಹೇಳ್ಬಾರದಿತ್ತೇನಮ್ಮ?"

ಕಳ್ಳ! ನನ್ನನ್ನು ಕೇಳಲು ಅವನಿಗೆ ಯಾವ ಬಾಯಿ? ಸಾಣೆ ಹಿಡಿದಿಟ್ಟ ಮಾತುಗಳಲ್ಲಿ ಒಂದಾದರೂ ಎಸೆಯಬೇಕಿತ್ತು. ಅವನನ್ನು ನಾನು ಕ್ಷಮಿಸಿಲ್ಲ, ಸಾಯುವವರೆಗೂ ಕ್ಷಮಿಸುವುದಿಲ್ಲ. ಆದರೆ ಅವನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಕೂತಿದ್ದೆ, ಚಹಾ ಆರಿತು, ಗಂಟೆ ಹೊಡೆಯಿತು, ಎಲ್ಲರೂ ಒಳಗೆ ಹೋದರು. ಉತ್ತರ ಸಿಗಲಿಲ್ಲ. ಇವತ್ತಿಗೂ ಸಿಕ್ಕಿಲ್ಲ. ಆರು ವರ್ಷ ಒಬ್ಬರು ತಮ್ಮ ತಲೆಯನ್ನೇ ಅನುಮಾನಿಸಿಕೊಂಡು ಕೂತಿದ್ದಾಗ ನಾನು ನಗುತ್ತಾ ಕಾಯುತ್ತಿದ್ದೆ. ಅವರ ಹೆಸರು ಏನೆಂದೂ ನಾನು ಕೇಳಿರಲಿಲ್ಲ. ಪರದೆಯ ಮೇಲೆ ಓದಿದ್ದೇ ಮೊದಲು.

ಅವರಿಗೆ ಒಂದು ಕಾಗದ ಬರೆಯಬೇಕು. ಎಲ್ಲವನ್ನೂ ಬಿಡಿಸಿ ಬರೆಯುತ್ತೇನೆ. ನಾಲ್ಕು ಸಲ ಶುರು ಮಾಡಿ ಹರಿದಿದ್ದೇನೆ, ಐದನೆಯದು ಪರವಾಗಿಲ್ಲ ಅನ್ನಿಸುತ್ತದೆ. ಅವರ ಮನೆಯ ವಿಳಾಸ ಕಳಿಸು.

ಅಮ್ಮ


ಅಕ್ಟೋಬರ್ 27

ಅಮ್ಮನಿಗೆ,

ವಿಳಾಸ ಕೊಡುವುದಿಲ್ಲ.

ಒಂಬತ್ತರಿಂದ ಐದರವರೆಗೆ ಅವರು ಗ್ರಂಥಾಲಯದ ಕೌಂಟರಿನಲ್ಲಿ ಇರುತ್ತಾರೆ. ಶನಿವಾರ ಅರ್ಧ ದಿನ. ಬಂದು ಎದುರಿಗೆ ನಿಂತು ಹೇಳು. ಕೂರಿಸಿ ಮಾತಾಡಿಸುತ್ತಾರೋ, ಹೊರಗೆ ಹೋಗಿ ಅನ್ನುತ್ತಾರೋ ನನಗೆ ಗೊತ್ತಿಲ್ಲ. ನಾನು ಜೊತೆಗೆ ಬರುವುದಿಲ್ಲ.

ಕಾಗದ ಮಾತ್ರ ಬರೆಯಬೇಡ. ಕಾಗದದಲ್ಲಿ ನೀನು ತುಂಬ ಚೆನ್ನಾಗಿ ಬರೆಯುತ್ತೀಯ.

ಮಗಳು